ಇಚ್ಛಾಶಕ್ತಿಗೆ ಸಹಿ ಹಾಕಿದವರು ಯಾರು?

(ರಣನೀತಿ ಮತ್ತು ರಾಜಕೀಯ ಇಚ್ಛಾಶಕ್ತಿ ಕುರಿತ ಉಪನ್ಯಾಸದ ಬರಹ ರೂಪ)

1991ರ ಮಾರ್ಚ್ 3. ಇರಾಕಿನ ದಕ್ಷಿಣದ ತುದಿ, ಸಫ್ವಾನ್ ಎಂಬಲ್ಲಿ ಒಂದು ಡೇರೆ. ಮೇಜಿನ ಈಚೆ ಮಿತ್ರಪಡೆಗಳ ದಂಡನಾಯಕ ನಾರ್ಮನ್ ಶ್ವಾರ್ಟ್ಸ್‌ಕಾಫ್, ಆಚೆ ಸೋತ ಇರಾಕಿ ಸೇನೆಯ ಅಧಿಕಾರಿಗಳು. ಕುವೈತ್ ಬಿಡಿಸುವ ಭೂಯುದ್ಧ ನೂರು ಗಂಟೆಯಲ್ಲಿ ಮುಗಿದು ಮೂರು ದಿನವಾಗಿತ್ತು. ಕೈದಿಗಳ ವಿನಿಮಯ, ನೆಲಬಾಂಬ್ ಹುದುಗಿಸಿದ ಜಾಗಗಳ ವಿವರ, ಎರಡೂ ಪಡೆಗಳು ದಾಟಬಾರದ ಗೆರೆ, ಎಲ್ಲ ಸಲೀಸಾಗಿ ಇತ್ಯರ್ಥವಾದವು. ಕೊನೆಯಲ್ಲಿ ಇರಾಕಿ ಜನರಲ್ ಒಂದು ಸಣ್ಣ ಬೇಡಿಕೆ ಇಟ್ಟರು: ರಸ್ತೆ, ಸೇತುವೆ ಎಲ್ಲ ಮುರಿದುಬಿದ್ದಿವೆ, ನಮ್ಮ ಅಧಿಕಾರಿಗಳು ಓಡಾಡಲು ಹೆಲಿಕಾಪ್ಟರ್ ಹಾರಿಸಿಕೊಳ್ಳಬಹುದೇ? ಆಗಲಿ ಎಂದರು. ಶಸ್ತ್ರ ಇರುವ ಹೆಲಿಕಾಪ್ಟರ್? ಅದಕ್ಕೂ ಆಗಲಿ ಎಂದರು. ಅದೇ ಹೊತ್ತಿಗೆ ಸದ್ದಾಂ ಹುಸೇನ್ ವಿರುದ್ಧ ಬಸ್ರಾದಲ್ಲಿ ಹೊತ್ತಿಕೊಂಡ ದಂಗೆ ದೇಶದ 18 ಪ್ರಾಂತಗಳ ಪೈಕಿ 14ಕ್ಕೆ ಹರಡುತ್ತಿತ್ತು. ದಂಗೆಯನ್ನು ಹೊಸಕಿಹಾಕಲು ಆ ಹೆಲಿಕಾಪ್ಟರ್‌ಗಳೇ ಒದಗಿದವು. ಯುದ್ಧ ಗೆದ್ದವರು ಮುಂದೆ 2003ರ ತನಕ ಅದೇ ದೇಶದ ಆಕಾಶವನ್ನು ಕಾಯುತ್ತ ಕೂತರು.

ಇಲ್ಲಿ ಎಡವಿದ್ದು ಯಾರು? ದಂಡನಾಯಕನ ರಣನೀತಿಯಲ್ಲಿ ತಪ್ಪು ಹುಡುಕುವುದು ಕಷ್ಟ. ರಾಜಕೀಯ ಇಚ್ಛಾಶಕ್ತಿ ಇರಲಿಲ್ಲ ಎಂದೂ ಹೇಳುವಂತಿಲ್ಲ. ವಿಶ್ವಸಂಸ್ಥೆಯ ನಿರ್ಣಯ ಇತ್ತು, ಜನವರಿ 15 ಎಂಬ ಗಡುವು ಇತ್ತು, ಹತ್ತಾರು ದೇಶಗಳ ಸೇನೆ ಇತ್ತು, ಹಣ ಇತ್ತು. ಇಲ್ಲದೇ ಹೋದದ್ದು ಒಂದೇ: ಆ ಡೇರೆಯೊಳಗೆ ಏನನ್ನು ಪಡೆದುಕೊಂಡು ಬರಬೇಕು, ಏನನ್ನು ಬಿಟ್ಟುಕೊಡಬಾರದು ಎಂದು ರಾಜಧಾನಿಯಿಂದ ಬರಬೇಕಿದ್ದ ಸ್ಪಷ್ಟ ಸೂಚನೆ. ಮುಗಿಸುವ ಬಗೆಯನ್ನು ಯಾರೂ ಕೂತು ಬರೆದಿರಲಿಲ್ಲ. ಹಾಗಾಗಿ ಅಲ್ಲಿದ್ದ ಸೈನಿಕ ತನಗೆ ತೋಚಿದ್ದನ್ನು ಮಾಡಿದ.

ಪ್ರತಿ ಯುದ್ಧ ಕೆಟ್ಟ ಮೇಲೂ ಎರಡು ಮಾತು ಕೇಳಿಬರುತ್ತವೆ. ಸಮವಸ್ತ್ರದವರು "ರಣರಂಗದಲ್ಲಿ ಗೆದ್ದೆವು, ರಾಜಧಾನಿಯಲ್ಲಿ ಸೋತೆವು" ಎನ್ನುತ್ತಾರೆ. ಖಾದಿಯವರೋ ಸೂಟಿನವರೋ "ಸೇನೆಗೆ ಮುಕ್ತ ಹಸ್ತ ಕೊಟ್ಟಿದ್ದೆವು" ಎನ್ನುತ್ತಾರೆ. ಎರಡೂ ಕುಣಿಯಲಾರದವಳು ನೆಲ ಡೊಂಕು ಎಂದ ಜಾತಿಯ ಮಾತುಗಳು. ರಣನೀತಿಯನ್ನೂ ರಾಜಕೀಯ ಸಂಕಲ್ಪವನ್ನೂ ತಕ್ಕಡಿಯ ಎರಡು ತಟ್ಟೆಗಳಂತೆ ಇಟ್ಟು ಯಾವುದು ಹೆಚ್ಚು ತೂಗುತ್ತದೆ ಎಂದು ನೋಡುವುದೇ ತಪ್ಪು ಲೆಕ್ಕ. ಇಚ್ಛಾಶಕ್ತಿ ಎಂಬುದು ಎದೆಗಾರಿಕೆಯಲ್ಲ, ಭಾಷಣದ ಕಾವೂ ಅಲ್ಲ. ಅದು ಸಹಿ ಬಿದ್ದ ಕೆಲವು ನಿರ್ಧಾರಗಳು: ಗುರಿ ಏನು, ಜನ ಎಷ್ಟು, ದುಡ್ಡು ಎಲ್ಲಿಂದ, ಕಾಲ ಎಷ್ಟು, ಯಾವುದಕ್ಕೆ ಅನುಮತಿ, ಎಷ್ಟು ಸಾವು ತಡೆದುಕೊಳ್ಳುತ್ತೇವೆ, ಹೇಗೆ ಮುಗಿಸುತ್ತೇವೆ. ಈ ಏಳರಲ್ಲಿ ಯಾವುದಕ್ಕೆ ಸಹಿ ಬಿದ್ದಿಲ್ಲವೋ ಅಲ್ಲಿಂದಲೇ ಯುದ್ಧ ಸೋರಲು ಶುರುವಾಗುತ್ತದೆ.

ಗುರಿ: ಐದು ಊರು ಎಂದರೆ ಐದೇ ಊರು

ಯುದ್ಧಕ್ಕೆ ಮುಂಚೆ ಪಾಂಡವರು ಕೇಳಿದ್ದು ಐದು ಊರು. ಕೊಟ್ಟರೋ ಇಲ್ಲವೋ ಎಂದು ಯಾರು ಬೇಕಾದರೂ ಬೆರಳು ಮಡಚಿ ಎಣಿಸಬಹುದಿತ್ತು. ರಾಜಕೀಯ ಗುರಿಗೆ ಇರಬೇಕಾದ ಮೊದಲ ಗುಣ ಅದು. ಮುಂಚೂಣಿಯ ಬ್ರಿಗೇಡಿಯರ್ ಅದನ್ನು ಓದಿದರೆ "ಇದು ಆಯಿತು" ಅಥವಾ "ಇದು ಇನ್ನೂ ಆಗಿಲ್ಲ" ಎಂದು ಹೇಳುವಂತಿರಬೇಕು. "ಶತ್ರುವಿಗೆ ಪಾಠ ಕಲಿಸುವುದು" ಗುರಿಯಲ್ಲ. ಪಾಠ ಕಲಿತನೇ ಇಲ್ಲವೇ ಎಂಬುದು ಶತ್ರುವಿಗೆ ಬಿಟ್ಟ ವಿಷಯ, ಯುದ್ಧ ನಿಲ್ಲಿಸುವ ಬೀಗದಕೈಯನ್ನು ಅವನ ಜೇಬಿಗೆ ಹಾಕಿದಂತೆ. "ಸ್ಥಿರತೆ ತರುವುದು", "ತಕ್ಕ ಉತ್ತರ ಕೊಡುವುದು" ಇವೂ ಅದೇ ಸಾಲಿಗೆ ಸೇರುತ್ತವೆ.

ಗುರಿ ಸ್ಪಷ್ಟ ಇದ್ದೂ ಕೆಡುವುದಕ್ಕೆ ಕೊರಿಯಾ ಸಾಕ್ಷಿ. 1950ರ ಜೂನ್ 25ರಂದು ಉತ್ತರದ ಸೇನೆ 38ನೇ ಅಕ್ಷಾಂಶ ದಾಟಿತು. ವಿಶ್ವಸಂಸ್ಥೆಯ ಹೆಸರಿನಲ್ಲಿ ಹೋದ ಪಡೆಗೆ ಇದ್ದ ಕೆಲಸ ಅವರನ್ನು ಆ ಗೆರೆಯ ಆಚೆಗೆ ತಳ್ಳುವುದು. ಸೆಪ್ಟೆಂಬರ್ 15ರಂದು ಇಂಚಾನ್ ಬಂದರಿನಲ್ಲಿ ಸೈನ್ಯ ಇಳಿಸಿದ್ದರಿಂದ ಉತ್ತರದ ಸೇನೆಯ ಬೆನ್ನುಮೂಳೆ ಮುರಿಯಿತು, ಕೆಲವೇ ವಾರಗಳಲ್ಲಿ ಆ ಕೆಲಸ ಮುಗಿಯಿತು. ಆಗ ಬಂತು ಗೆಲುವಿನ ಮತ್ತು. ಅಕ್ಟೋಬರ್ ಹೊತ್ತಿಗೆ ಗುರಿ "ತಳ್ಳುವುದು" ಎಂಬಲ್ಲಿಂದ "ಎರಡು ಕೊರಿಯಾ ಒಂದು ಮಾಡುವುದು" ಎಂಬಲ್ಲಿಗೆ ಜಿಗಿಯಿತು. ಜಿಗಿದದ್ದು ಗುರಿ ಮಾತ್ರ. ಅದಕ್ಕೆ ತಕ್ಕಂತೆ ಸೈನ್ಯವೂ ಹೆಚ್ಚಲಿಲ್ಲ, ಚೀನಾ ಬಂದರೆ ಏನು ಮಾಡುವುದು ಎಂಬುದಕ್ಕೂ ಉತ್ತರ ಸಿದ್ಧವಾಗಲಿಲ್ಲ. ಚೀನಾ ಬಂತು. 1951ರ ಜನವರಿಯಲ್ಲಿ ಸಿಯೋಲ್ ಎರಡನೇ ಸಲ ಕೈಬಿಟ್ಟಿತು. ಕೊನೆಗೆ ಗುರಿ ಸದ್ದಿಲ್ಲದೆ ಹಳೆಯ ಗೆರೆಯ ಹತ್ತಿರಕ್ಕೇ ಮರಳಿತು. ಇದನ್ನು ಒಪ್ಪದೆ ಬಹಿರಂಗವಾಗಿ ಮಾತಾಡಿದ ದಂಡನಾಯಕ ಮೆಕಾರ್ಥರ್ ಅವರನ್ನು ಅಮೆರಿಕದ ಅಧ್ಯಕ್ಷ ಟ್ರೂಮನ್ 1951ರ ಏಪ್ರಿಲ್ 11ರಂದು ಹುದ್ದೆಯಿಂದ ತೆಗೆದರು.

ಆ ವಜಾದ ಕಥೆಯನ್ನು ಅಂಜುಬುರುಕ ರಾಜಕಾರಣಿ ಮತ್ತು ವೀರ ಸೇನಾನಿಯ ಜಗಳ ಎಂದು ಹೇಳುವುದು ರೂಢಿ. ಆದರೆ ಟ್ರೂಮನ್ ಆಗ ಲೆಕ್ಕ ಹಾಕುತ್ತಿದ್ದದ್ದು ಇಡೀ ಜಗತ್ತಿನ ನಕ್ಷೆಯ ಮೇಲೆ. ಕೊರಿಯಾದಲ್ಲಿ ಸುರಿದ ಪ್ರತಿ ಡಿವಿಷನ್ ಯುರೋಪಿನಲ್ಲಿ ಇಲ್ಲದ ಡಿವಿಷನ್. ಮೆಕಾರ್ಥರ್ ನೋಡುತ್ತಿದ್ದದ್ದು ಒಂದೇ ರಂಗವನ್ನು. ತನ್ನ ರಂಗವೇ ಜಗತ್ತು ಎಂದುಕೊಳ್ಳುವುದು ದಂಡನಾಯಕನ ಸಹಜ ದೌರ್ಬಲ್ಯ. ಅದನ್ನು ಸರಿತೂಗಿಸುವುದಕ್ಕೇ ಮೇಲೊಬ್ಬ ಇರುವುದು.

ಜನ ಮತ್ತು ದುಡ್ಡು

ಈ ಭಾಗದಲ್ಲಿ ಸ್ವಲ್ಪ ಗಣಿತ ಬೇಕು. ರಣರಂಗದಲ್ಲಿ ಒಂದು ತುಕಡಿ ನಿರಂತರವಾಗಿ ಇರಬೇಕೆಂದರೆ ಸಾಮಾನ್ಯವಾಗಿ ಮೂರು ತುಕಡಿ ಬೇಕು: ಒಂದು ಅಲ್ಲಿ, ಒಂದು ವಾಪಸು ಬಂದು ಸುಧಾರಿಸಿಕೊಳ್ಳುತ್ತ, ಒಂದು ಹೊರಡಲು ತಯಾರಾಗುತ್ತ. ಅಂದರೆ "10 ಸಾವಿರ ಸೈನಿಕರನ್ನು ಕಳಿಸುತ್ತೇವೆ" ಎಂಬ ಘೋಷಣೆಯ ನಿಜವಾದ ಬೆಲೆ ಹತ್ತಿರ ಹತ್ತಿರ 30 ಸಾವಿರ, ಅದು ಆರು ತಿಂಗಳಿಗಿಂತ ಹೆಚ್ಚು ನಡೆದರೆ. ಮದ್ದುಗುಂಡಿನದ್ದೂ ಹೀಗೆಯೇ. 100 ಫಿರಂಗಿ ದಿನಕ್ಕೆ ತಲಾ 200 ಶೆಲ್ ಹಾರಿಸಿದರೆ ದಿನಕ್ಕೆ 20 ಸಾವಿರ. ಉಗ್ರಾಣದಲ್ಲಿ 3 ಲಕ್ಷ ಇದ್ದರೆ 15 ದಿನ. "ಎಷ್ಟು ದಿನವಾದರೂ ಹೋರಾಡುತ್ತೇವೆ" ಎಂದು ಹೇಳುವವರಿಗೆ ಈ 15 ಎಂಬ ಸಂಖ್ಯೆ ಗೊತ್ತಿರಬೇಕು. ಕಾರ್ಖಾನೆ ತಿಂಗಳಿಗೆ ಎಷ್ಟು ತಯಾರಿಸುತ್ತದೆ, ಎರಡನೇ ಪಾಳಿ ಹಾಕಿದರೆ ಎಷ್ಟು, ಹೊರಗಿನಿಂದ ತರಿಸಿದರೆ ಯಾವ ಬಂದರಿಗೆ ಎಷ್ಟು ವಾರದಲ್ಲಿ ಬರುತ್ತದೆ, ಇವೂ ಅದೇ ಕಾಗದದಲ್ಲಿ ಇರಬೇಕು. ಇಚ್ಛಾಶಕ್ತಿಯ ಹೆಚ್ಚಿನ ಪಾಲು ಇಂಥ ನೀರಸ ಅಂಕಿಗಳಲ್ಲೇ ಇದೆ.

ವಿಯೆಟ್ನಾಂನಲ್ಲಿ ಈ ಬೆಲೆಯನ್ನು ಮುಚ್ಚಿಡುವ ಯತ್ನ ನಡೆಯಿತು. 1965ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ಪಡೆಯನ್ನು 1 ಲಕ್ಷ 25 ಸಾವಿರಕ್ಕೆ ಏರಿಸುವುದಾಗಿ ಹೇಳಿದರು, ಮೀಸಲು ಪಡೆಗಳನ್ನು ಕರೆಯಲಿಲ್ಲ. ಕರೆದಿದ್ದರೆ ಊರೂರಿನಿಂದ ವೃತ್ತಿಯಲ್ಲಿದ್ದ ಗಂಡಸರು ಏಳಬೇಕಿತ್ತು, ಸಂಸತ್ತಿನಲ್ಲಿ ದೊಡ್ಡ ಚರ್ಚೆ ಆಗಬೇಕಿತ್ತು, ಅವರ ಸಮಾಜ ಕಲ್ಯಾಣದ ಕಾರ್ಯಕ್ರಮಗಳಿಗೆ ಪೆಟ್ಟು ಬೀಳುತ್ತಿತ್ತು. ಯುದ್ಧಕ್ಕೆಂದು ಆದಾಯ ತೆರಿಗೆಯ ಮೇಲೆ ಶೇ 10 ಸರ್ಚಾರ್ಜ್ ಕಾನೂನಾದದ್ದು 1968ರ ಜೂನ್‌ನಲ್ಲಿ, ಯುದ್ಧ ಹಿಗ್ಗಿ ಮೂರು ವರ್ಷವಾದ ಮೇಲೆ. ಮೀಸಲು ಪಡೆ ಇಲ್ಲದ್ದರಿಂದ ಕಡ್ಡಾಯ ಭರ್ತಿಯ ಹುಡುಗರೇ ಗತಿ. ಅವರಿಗೆ ಒಂದು ವರ್ಷದ ಪಾಳಿ, ಅಧಿಕಾರಿಗಳಿಗೆ ಮುಂಚೂಣಿಯ ನಾಯಕತ್ವ ಹೆಚ್ಚಾಗಿ ಆರೇ ತಿಂಗಳು. ಕಾಡಿನ ದಾರಿ, ಹಳ್ಳಿಯ ಮುಖ, ಶತ್ರುವಿನ ಚಾಳಿ ಗೊತ್ತಾಗುವ ಹೊತ್ತಿಗೆ ಮನೆಗೆ ಹೋಗುವ ವಿಮಾನ ಬರುತ್ತಿತ್ತು. ರಾಜಧಾನಿಯಲ್ಲಿ ತಪ್ಪಿಸಿಕೊಂಡ ಒಂದು ನಿರ್ಧಾರ ಗದ್ದೆಯ ಬದುವಿನ ಮೇಲೆ ಗಸ್ತು ತಿರುಗುವ ಪ್ಲಟೂನಿನ ಅನುಭವವಾಗಿ, ಅಥವಾ ಅನುಭವದ ಕೊರತೆಯಾಗಿ, ಇಳಿದ ಬಗೆ ಇದು.

ಸೇನೆಯ ಕಡೆಯ ತಪ್ಪು ಇನ್ನೂ ದೊಡ್ಡದು. ಹಿಡಿಯಬೇಕಾದ ನೆಲದ ಗೆರೆ ಇಲ್ಲದ ಕಾರಣ ಹೆಣಗಳ ಎಣಿಕೆ ಪ್ರಗತಿಯ ಅಳತೆಗೋಲಾಯಿತು. ಯಾವ ಸಂಖ್ಯೆಯಿಂದ ಬಡ್ತಿ ಸಿಗುತ್ತದೋ ಆ ಸಂಖ್ಯೆ ಉಬ್ಬುತ್ತದೆ, ಇದು ಯಾವ ಕಚೇರಿಗೂ ಗೊತ್ತಿರುವ ಸತ್ಯ. ಸತ್ತವನು ಹೋರಾಟಗಾರನೋ ರೈತನೋ ಎಂಬ ಪ್ರಶ್ನೆ ಲೆಕ್ಕದ ಹಾಳೆಯಲ್ಲಿ ಇರಲಿಲ್ಲ. 1967ರ ನವೆಂಬರ್‌ನಲ್ಲಿ ಅಲ್ಲಿನ ದಂಡನಾಯಕ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ವಾಷಿಂಗ್ಟನ್ನಿಗೆ ಬಂದು ಯುದ್ಧದ ಅಂತ್ಯ ಕಾಣತೊಡಗಿದೆ ಎಂಬರ್ಥದ ಮಾತಾಡಿದರು. ಎರಡೇ ತಿಂಗಳ ಮೇಲೆ, 1968ರ ಜನವರಿ ಕೊನೆಯಲ್ಲಿ, ಟೆಟ್ ಎಂಬ ಹೊಸವರ್ಷದ ಹಬ್ಬದ ಹೊತ್ತಿಗೆ ನೂರಕ್ಕೂ ಹೆಚ್ಚು ಪಟ್ಟಣಗಳ ಮೇಲೆ ಒಮ್ಮೆಲೇ ದಾಳಿಯಾಯಿತು. ದಾಳಿ ಮಾಡಿದವರೇ ಹೆಚ್ಚು ಸತ್ತರು, ಹಿಡಿದ ಊರುಗಳನ್ನು ಉಳಿಸಿಕೊಳ್ಳಲಿಲ್ಲ. ಬರಿಯ ರಣರಂಗದ ಲೆಕ್ಕದಲ್ಲಿ ಅದು ಅವರ ಸೋಲು. ಆದರೆ ಅಮೆರಿಕದ ಜನ ಹೋಲಿಸಿ ನೋಡಿದ್ದು ನವೆಂಬರ್‌ನ ಮಾತನ್ನೂ ಜನವರಿಯ ಚಿತ್ರವನ್ನೂ. ಅದರ ಬೆನ್ನಿಗೇ ಇನ್ನೂ 2 ಲಕ್ಷ 6 ಸಾವಿರ ಸೈನಿಕರು ಬೇಕು ಎಂಬ ಕೋರಿಕೆ ಸೇನೆಯಿಂದ ಬಂತು. ಗೆದ್ದಿದ್ದರೆ ಇಷ್ಟೊಂದು ಜನ ಯಾಕೆ ಎಂಬ ಪ್ರಶ್ನೆಗೆ ಉತ್ತರ ಇರಲಿಲ್ಲ. ಮಾರ್ಚ್ 31ರಂದು ಜಾನ್ಸನ್ ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಎಂದು ಘೋಷಿಸಿದರು. "ಇಚ್ಛಾಶಕ್ತಿ ಕುಸಿಯಿತು" ಎಂದು ಪಠ್ಯಗಳು ಬರೆಯುವುದು ಈ ಘಟ್ಟವನ್ನೇ. ಕುಸಿದದ್ದು ನಂಬಿಕೆ. ಅದನ್ನು ಕೆಡವಿದ್ದರಲ್ಲಿ ಆಶಾವಾದದ ವರದಿಗಳ ಪಾಲು ಶತ್ರುವಿನ ಪಾಲಿಗಿಂತ ಕಡಿಮೆಯೇನಿಲ್ಲ.

ಅನುಮತಿ: ಒಂದು ಸಾಲಿನ ಆದೇಶ, 323 ಸಾವು

ಯಾರ ಮೇಲೆ, ಎಲ್ಲಿ, ಯಾವ ಸಂದರ್ಭದಲ್ಲಿ ಗುಂಡು ಹಾರಿಸಬಹುದು ಎಂಬ ನಿಯಮಗಳೇ ರಾಜಕೀಯ ಮತ್ತು ರಣನೀತಿ ಒಂದನ್ನೊಂದು ಮುಟ್ಟುವ ಜಾಗ. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್, ಅರ್ಜೆಂಟೀನಾ ವಶಪಡಿಸಿಕೊಂಡಿದ್ದ ದ್ವೀಪಗಳ ಸುತ್ತ 200 ನಾಟಿಕಲ್ ಮೈಲಿಯ ನಿಷೇಧ ವಲಯ ಸಾರಿತ್ತು. ಮೇ 2ರಂದು ಅರ್ಜೆಂಟೀನಾದ ಜನರಲ್ ಬೆಲ್‌ಗ್ರಾನೊ ಕ್ರೂಸರ್ ಆ ವಲಯದ ಹೊರಗೆ ಇತ್ತು, ಅದರ ಹಿಂದೆ ಬ್ರಿಟಿಷ್ ಜಲಾಂತರ್ಗಾಮಿ ಇತ್ತು. ಹೊಡೆಯಲು ಅನುಮತಿ ಇರಲಿಲ್ಲ. ಪ್ರಧಾನಿ ಥ್ಯಾಚರ್ ಅವರ ಪುಟ್ಟ ಯುದ್ಧ ಸಂಪುಟ ಆ ದಿನ ಕೂತು ನಿಯಮ ಬದಲಿಸಿತು. ಅದೇ ಸಂಜೆ ಹಡಗು ಮುಳುಗಿತು, 323 ಮಂದಿ ಸತ್ತರು. ಆ ನಿರ್ಧಾರದ ನೈತಿಕತೆ ಇವತ್ತಿಗೂ ಚರ್ಚೆಯ ವಿಷಯ. ಕಾರ್ಯಾಚರಣೆಯ ದೃಷ್ಟಿಯಿಂದ ಆದದ್ದು ಇಷ್ಟು: ಅರ್ಜೆಂಟೀನಾದ ಯುದ್ಧನೌಕೆಗಳು, ವಿಮಾನವಾಹಕ ನೌಕೆಯೂ ಸೇರಿ, ಮತ್ತೆ ಕರಾವಳಿ ಬಿಟ್ಟು ಬರಲಿಲ್ಲ. ಗಮನಿಸಬೇಕಾದ್ದು ವೇಗವನ್ನು. ಸಮುದ್ರದಿಂದ ಕೋರಿಕೆ ಹೊರಟು, ಮಂತ್ರಿಗಳ ಮುಂದೆ ಬಂದು, ಸಹಿಯಾಗಿ, 13 ಸಾವಿರ ಕಿಲೋಮೀಟರ್ ಆಚೆಗೆ ಮುಟ್ಟಿದ್ದು ಕೆಲವೇ ಗಂಟೆಗಳಲ್ಲಿ. ಬೆರಳೆಣಿಕೆಯ ಮಂತ್ರಿಗಳು, ಪಕ್ಕದಲ್ಲೇ ರಕ್ಷಣಾ ಪಡೆಗಳ ಮುಖ್ಯಸ್ಥ, ದಿನವೂ ಎಂಬಷ್ಟು ಸಭೆ, ಇವು ಇದ್ದುದರಿಂದ ಅದು ಸಾಧ್ಯವಾಯಿತು. 25 ಮಂದಿಯ ಸಂಪುಟದಲ್ಲಿ ಆಗದ ಕೆಲಸ.

ಅದೇ ಯುದ್ಧದಲ್ಲಿ ಉಲ್ಟಾ ಉದಾಹರಣೆಯೂ ಇದೆ. ಮೇ 21ರಂದು ಸೈನ್ಯ ಇಳಿದ ಮೇಲೆ ಹಡಗುಗಳು ಒಂದರ ಹಿಂದೊಂದು ಮುಳುಗುತ್ತಿದ್ದವು, ದಂಡೆಯ ಮೇಲಿನ ಪಡೆ ಮುಂದೆ ಸರಿದಿರಲಿಲ್ಲ. ಲಂಡನ್ನಿಗೆ ಒಂದು ಗೆಲುವಿನ ಸುದ್ದಿ ಬೇಕಿತ್ತು. ದ್ವೀಪಗಳ ರಾಜಧಾನಿ ಸ್ಟ್ಯಾನ್ಲಿಯ ದಾರಿಯಲ್ಲೇ ಇಲ್ಲದ, ಸುತ್ತುವರಿದು ಬಿಟ್ಟರೂ ನಡೆಯುತ್ತಿದ್ದ ಗೂಸ್ ಗ್ರೀನ್ ಮೇಲೆ ದಾಳಿಗೆ ಆದೇಶ ಬಂತು. ಬ್ರಿಗೇಡ್ ನಾಯಕನಿಗೆ ಮನಸ್ಸಿರಲಿಲ್ಲ. ಸಾಲದ್ದಕ್ಕೆ ದಾಳಿ ಹತ್ತಿರ ಬಂದಿದೆ ಎಂದು ಬಿಬಿಸಿ ರೇಡಿಯೋ ಮುಂಚೆಯೇ ಬಿತ್ತರಿಸಿತು. ಗೆದ್ದರು, ಬೆಟಾಲಿಯನ್ನಿನ ಕಮಾಂಡರ್ ಸತ್ತರು. ಇದು ಬರಿ ರಾಜಕೀಯ ಹಸ್ತಕ್ಷೇಪವೇ? ಸೇನಾ ನಕ್ಷೆಯ ಮೇಲೆ ನೋಡಿದರೆ ಹೌದು. ಆದರೆ ಕದನವಿರಾಮಕ್ಕೆ ಒತ್ತಡ ಏರುತ್ತಿದ್ದಾಗ ಮನೆಯಲ್ಲಿನ ಬೆಂಬಲವೂ ಒಂದು ಸರಬರಾಜು ಮಾರ್ಗ, ಅದು ತುಂಡಾದರೂ ಸೈನ್ಯ ಹಸಿಯುತ್ತದೆ.

ಅನುಮತಿಯ ಮಿತಿಯನ್ನು ಹೊತ್ತುಕೊಂಡೇ ಗೆದ್ದದ್ದು ಕಾರ್ಗಿಲ್. 1999ರ ಮೇ ಕೊನೆಯಲ್ಲಿ ವಾಯುಪಡೆ ಬಳಸಲು ಸಂಪುಟ ಸಮಿತಿ ಒಪ್ಪಿತು, ಒಂದು ಷರತ್ತಿನೊಂದಿಗೆ: ನಿಯಂತ್ರಣ ರೇಖೆ ದಾಟುವಂತಿಲ್ಲ. ಪೈಲಟ್‌ಗೆ ಇದರ ಅರ್ಥ ಏನು? ಶಿಖರದ ಮೇಲಿನ ಪುಟ್ಟ ಬಂಕರಿಗೆ ಯಾವ ದಿಕ್ಕಿನಿಂದ ಬರಬೇಕು, ಎಲ್ಲಿ ತಿರುಗಬೇಕು ಎಂಬ ಆಯ್ಕೆ ಕಿರಿದಾಗುತ್ತದೆ. ಮೇ 27ರಂದು ಎರಡು ಯುದ್ಧವಿಮಾನ, ಮರುದಿನ ಒಂದು ಎಂಐ-17 ಹೆಲಿಕಾಪ್ಟರ್ ಹೋದವು. ಆಮೇಲೆ ಪದ್ಧತಿ ಬದಲಾಯಿತು: ಹೆಗಲ ಮೇಲಿನ ಕ್ಷಿಪಣಿಗೆ ಎಟುಕದ ಎತ್ತರದಿಂದ ದಾಳಿ, ಮಿರಾಜ್-2000ದಿಂದ ಲೇಸರ್ ಮಾರ್ಗದರ್ಶನದ ಬಾಂಬ್. ಪದಾತಿಯವರಿಗೆ ಇದರ ಬೆಲೆ ಇನ್ನೂ ಹೆಚ್ಚು. ಹಿಂದಿನಿಂದ ಸರಬರಾಜು ಕತ್ತರಿಸುವ ದಾರಿ ಮುಚ್ಚಿದ್ದರಿಂದ ಕಡಿದಾದ ಇಳಿಜಾರನ್ನು ಮುಂದಿನಿಂದಲೇ, ರಾತ್ರಿಯಲ್ಲಿ, ಬೊಫೋರ್ಸ್ ಫಿರಂಗಿಗಳ ಆಸರೆಯಲ್ಲಿ ಹತ್ತಬೇಕಾಯಿತು. 527 ಯೋಧರು ಪ್ರಾಣ ಕೊಟ್ಟರು. ಆ ಮಿತಿಯಿಂದ ಸಿಕ್ಕಿದ್ದು, ಗೆರೆ ದಾಟಿದವರು ಯಾರು ಎಂಬ ಬಗ್ಗೆ ಜಗತ್ತಿಗೆ ಅನುಮಾನವೇ ಉಳಿಯದಿದ್ದದ್ದು, ಮತ್ತು ಎರಡು ಅಣ್ವಸ್ತ್ರ ದೇಶಗಳ ಯುದ್ಧ ಒಂದೇ ಪರ್ವತಸಾಲಿನಲ್ಲಿ ಉಳಿದದ್ದು. ಈ ನಿರ್ಧಾರವನ್ನು ಒಪ್ಪಬಹುದು, ಒಪ್ಪದೇ ಇರಬಹುದು. ಇಚ್ಛಾಶಕ್ತಿಯ ಕೊರತೆ ಎಂದು ಮಾತ್ರ ಕರೆಯಲಾಗದು. ಕೈ ಕಟ್ಟಿದ್ದು ಯಾಕೆ, ಎಲ್ಲಿಗೆ ಕಟ್ಟಿದ್ದು ಎಂದು ಕಟ್ಟಿಸಿಕೊಂಡವರಿಗೂ ಗೊತ್ತಿತ್ತು.

ಕಾಲ

ರಾಜಕಾರಣಿ ಸೈನ್ಯಕ್ಕೆ ಕೊಡಬಹುದಾದ ಅತಿ ದುಬಾರಿ ವಸ್ತು ಸಮಯ. 1971ರಲ್ಲಿ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಕಾಯ್ದದ್ದನ್ನು ಮಳೆಗಾಲದ ಕಾರಣದಿಂದಷ್ಟೇ ಎಂದು ಹೇಳುವುದುಂಟು. ಪೂರ್ವ ಬಂಗಾಳದ ನದಿಗಳು ಉಕ್ಕುವುದು ನಿಜ, ಚಳಿಗಾಲದ ಹಿಮಕ್ಕೆ ಉತ್ತರದ ಕಣಿವೆಗಳು ಮುಚ್ಚುವುದೂ ನಿಜ. ಆದರೆ ಆ ತಿಂಗಳುಗಳು ಖಾಲಿ ಹೋಗಲಿಲ್ಲ. ಆಗಸ್ಟ್ 9ರಂದು ಸೋವಿಯತ್ ಒಪ್ಪಂದಕ್ಕೆ ಸಹಿಯಾಯಿತು, ಒಂದು ಕೋಟಿಯಷ್ಟು ನಿರಾಶ್ರಿತರ ಪ್ರಶ್ನೆಯನ್ನು ಇಂದಿರಾ ಗಾಂಧಿ ಪಶ್ಚಿಮದ ರಾಜಧಾನಿಗಳಿಗೆ ಒಯ್ದರು, ಅದರ ಜತೆಗೇ ರಸ್ತೆ, ಸೇತುವೆ ಸಾಮಗ್ರಿ, ಇಂಧನ ಗಡಿಗೆ ಸೇರಿದವು. ಡಿಸೆಂಬರ್ 3ಕ್ಕೆ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯಲ್ಲಿ ಕದನವಿರಾಮದ ನಿರ್ಣಯ ಬಂದಾಗಲೆಲ್ಲ ಸೋವಿಯತ್ ವೀಟೊ ತಡೆಯಿತು, ಮೂರು ಸಲ. ಪ್ರತಿ ವೀಟೊ ಎಂದರೆ ರಣರಂಗದಲ್ಲಿ ಇನ್ನು ಕೆಲವು ದಿನ. ಮೇಘನಾ ನದಿಯ ಮೇಲೆ ಹೆಲಿಕಾಪ್ಟರಿನಲ್ಲಿ ಸೈನ್ಯ ದಾಟಿದ್ದು, ಟಾಂಗೈಲ್‌ನಲ್ಲಿ ಪ್ಯಾರಾಟ್ರೂಪ್ ಇಳಿದದ್ದು, ಗಟ್ಟಿ ಠಾಣೆಗಳನ್ನು ಬಳಸಿಕೊಂಡು ಹೋಗಿ ಡಿಸೆಂಬರ್ 16ಕ್ಕೆ ಢಾಕಾ ಮುಟ್ಟಿದ್ದು, ಎಲ್ಲ ಆ ಕೊಂಡ ಸಮಯದ ಒಳಗೆ. ಯುದ್ಧಕ್ಕೆ ಮುನ್ನ ಬರೆದ ಯೋಜನೆಯಲ್ಲಿ ಢಾಕಾ ಎಷ್ಟು ಮುಖ್ಯವಾಗಿತ್ತು, ಬಂದರುಗಳು ಎಷ್ಟು ಮುಖ್ಯವಾಗಿದ್ದವು ಎಂಬ ಬಗ್ಗೆ ಆಗಿನ ಸೇನಾಧಿಕಾರಿಗಳಲ್ಲೇ ಭಿನ್ನ ಮಾತುಗಳಿವೆ. ಗೆದ್ದ ಯುದ್ಧದಲ್ಲೂ ಗುರಿಯ ಕಾಗದ ಅಷ್ಟೇನೂ ಸ್ವಚ್ಛವಾಗಿರಲಿಲ್ಲ ಎಂಬುದನ್ನು ಮರೆಯಬಾರದು.

ಸಮಯವನ್ನು ಕೊಟ್ಟ ಕೈಯಲ್ಲೇ ಕಿತ್ತುಕೊಂಡದ್ದಕ್ಕೆ 2009ರ ಡಿಸೆಂಬರ್ 1ರ ಭಾಷಣ ನೋಡಿ. ಅಫ್ಘಾನಿಸ್ತಾನಕ್ಕೆ ಇನ್ನೂ 30 ಸಾವಿರ ಸೈನಿಕರು ಎಂದರು ಒಬಾಮಾ. ಅದೇ ಭಾಷಣದಲ್ಲಿ 2011ರ ಜುಲೈನಿಂದ ವಾಪಸಾತಿ ಶುರು ಎಂದೂ ಹೇಳಿದರು. ಮೊದಲ ಮಾತು ಸೈನಿಕರಿಗೆ, ಎರಡನೆಯದು ಮತದಾರರಿಗೆ. ಎರಡನ್ನೂ ಕೇಳಿಸಿಕೊಂಡವನು ತಾಲಿಬಾನಿನವನು.

ಆ ಭಾಷಣಕ್ಕೆ ಮುಂಚಿನ ಸಭೆಗಳಲ್ಲಿ ಸೇನೆ ಮುಂದಿಟ್ಟ ಆಯ್ಕೆಗಳು 85 ಸಾವಿರ, 40 ಸಾವಿರ, ಸುಮಾರು 10 ಸಾವಿರ ಎಂದು ವರದಿಯಾಗಿತ್ತು. ಇದು ಹಳೆಯ ಕಸುಬುದಾರಿಕೆ. ಒಂದು ಕೈಗೆಟುಕದಷ್ಟು ದೊಡ್ಡದು, ಒಂದು ಯಾತಕ್ಕೂ ಸಾಲದ್ದು, ನಡುವಿನದು ತಮಗೆ ಬೇಕಾದದ್ದು. ಮೂರು ಆಯ್ಕೆ ಎಂದು ಹೆಸರು, ಇರುವುದು ಒಂದೇ. ನಿಜವಾದ ಆಯ್ಕೆಗಳು ಸೈನಿಕರ ಸಂಖ್ಯೆಯಲ್ಲಿ ಅಲ್ಲ, ಗುರಿಯಲ್ಲಿ ಬೇರೆಯಾಗಿರಬೇಕು: ನಗರಗಳನ್ನು ಮಾತ್ರ ಹಿಡಿದರೆ ಇಷ್ಟು, ಗಡಿ ಮುಚ್ಚಬೇಕಾದರೆ ಇಷ್ಟು, ತರಬೇತಿ ಕೊಟ್ಟು ಹೊರಡುವುದಾದರೆ ಇಷ್ಟು. ಇವುಗಳ ಜತೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ, ಯಾರೂ ಕೇಳಲು ಇಷ್ಟಪಡದ್ದು: ಇಷ್ಟೆಲ್ಲ ಮಾಡಿದ ಮೇಲೂ ಶತ್ರು ಬಗ್ಗದಿದ್ದರೆ, ಆರನೇ ತಿಂಗಳ ಬೆಳಗ್ಗೆ ನಮ್ಮ ಮುಂದಿನ ಹೆಜ್ಜೆ ಯಾವುದು?

ಯೋಜನೆಯೇ ರಾಜಕೀಯವನ್ನು ನುಂಗಿದಾಗ

ಇಚ್ಛಾಶಕ್ತಿ ಸಾಲದು ಎಂಬ ದೂರೇ ಹೆಚ್ಚು ಕೇಳಿಸುವುದರಿಂದ ಇದರ ತಿರುಗುಮುರುಗನ್ನೂ ಹೇಳಬೇಕು. 1914ರ ಆಗಸ್ಟ್ 1ರಂದು ಫ್ರಾನ್ಸ್ ತಟಸ್ಥವಾಗಿ ಉಳಿಯಬಹುದು ಎಂಬ ಸುಳಿವು ಲಂಡನ್ನಿನಿಂದ ಬಂದಂತೆ ಕಂಡಾಗ ಜರ್ಮನಿಯ ಕೈಸರ್ ಸೈನ್ಯವನ್ನೆಲ್ಲ ಪೂರ್ವಕ್ಕೆ ತಿರುಗಿಸಿ ಎಂದ. ಸೇನಾ ಮುಖ್ಯಸ್ಥ ಮೋಲ್ಟ್ಕೆ ಆಗದು ಎಂದ. 11 ಸಾವಿರ ರೈಲುಗಳ ವೇಳಾಪಟ್ಟಿ ಪಶ್ಚಿಮಕ್ಕೆ ಮುಖ ಮಾಡಿತ್ತು. ಪೂರ್ವಕ್ಕೆ ಮಾತ್ರ ಹೋಗುವ ಬದಲಿ ಯೋಜನೆಯನ್ನು ನವೀಕರಿಸುವುದನ್ನು 1913ರಲ್ಲೇ ನಿಲ್ಲಿಸಿದ್ದರು. ಆ ಸುಳಿವು ಸುಳ್ಳಾಯಿತು ಎಂಬುದು ಬೇರೆ ಮಾತು. ಆದರೆ ಚಕ್ರವರ್ತಿಯ ಕೈಯಲ್ಲಿ ಒಂದೇ ಗುಂಡಿ ಇತ್ತು, ಅದು ಬೆಲ್ಜಿಯಂ ಮೇಲೆ ಹೋಗುವ ಗುಂಡಿ. ಬೆಲ್ಜಿಯಂ ಮೇಲೆ ಹೋದದ್ದೇ ಬ್ರಿಟನ್ ಯುದ್ಧಕ್ಕೆ ಇಳಿಯಲು ಕಾರಣವಾಯಿತು.

ಅದೇ ಸೇನೆ 1918ರ ಮಾರ್ಚ್ 21ರಂದು ಲೂಡೆಂಡಾರ್ಫ್ ನೇತೃತ್ವದಲ್ಲಿ ಮಹಾದಾಳಿ ಮಾಡಿತು. ಹೊಸ ಪದಾತಿ ತಂತ್ರ, ಲೆಕ್ಕಾಚಾರದ ಫಿರಂಗಿ ದಾಳಿ, ವರ್ಷಗಳಿಂದ ಅಲುಗದ ರಂಗದಲ್ಲಿ ಹತ್ತಾರು ಕಿಲೋಮೀಟರ್ ಮುನ್ನಡೆ. ಆ ಮುನ್ನಡೆಯಿಂದ ಯಾವ ಸಂಧಾನಕ್ಕೆ ದಾರಿ ಎಂಬ ಯೋಚನೆ ಮಾತ್ರ ಇರಲಿಲ್ಲ. ಸೆಪ್ಟೆಂಬರ್ 29ಕ್ಕೆ ಅದೇ ಲೂಡೆಂಡಾರ್ಫ್ ತಕ್ಷಣ ಕದನವಿರಾಮ ಕೇಳಿ ಎಂದು ಸರ್ಕಾರದ ಮೇಲೆ ಬಿದ್ದ. ಸಹಿ ಹಾಕಿದವರು ನಾಗರಿಕ ನಾಯಕರು. ಮರುವರ್ಷ ಸಂಸತ್ತಿನ ಸಮಿತಿಯ ಮುಂದೆ ಲೂಡೆಂಡಾರ್ಫ್‌ನ ಮೇಲಧಿಕಾರಿಯಾಗಿದ್ದ ಹಿಂಡೆನ್‌ಬರ್ಗ್ ಸೇನೆಗೆ ಬೆನ್ನಿಗೆ ಇರಿಯಲಾಯಿತು ಎಂಬ ಮಾತು ಆಡಿದ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತು. ಆ ಸುಳ್ಳಿನ ಮೇಲೆ ಮುಂದೆ ಹಿಟ್ಲರ್ ರಾಜಕೀಯ ಕಟ್ಟಿದ್ದು ಗೊತ್ತೇ ಇದೆ.

ಸಂಕಲ್ಪ ತುಂಬಿ ತುಳುಕಿ, ಶೆಲ್ ಮುಗಿದುಹೋದ ಕಥೆ ಫಿನ್‌ಲ್ಯಾಂಡಿನದು. 1939ರ ನವೆಂಬರ್ 30ರಿಂದ 105 ದಿನ ಸೋವಿಯತ್ ಸೇನೆಯನ್ನು ತಡೆದರು. 1940ರ ಫೆಬ್ರವರಿಯಲ್ಲಿ ರಕ್ಷಣಾ ಸಾಲು ಒಡೆದಾಗ ಸಂಧಿ ಮಾಡಿಕೊಳ್ಳಿ ಎಂದು ಒತ್ತಿ ಹೇಳಿದವರು ದಂಡನಾಯಕ ಮಾನರ್‌ಹೈಮ್. ಸೈನ್ಯ ಪೂರ್ತಿ ಮುರಿಯುವ ಮುಂಚೆ, ಇನ್ನೂ ಹೋರಾಡಬಲ್ಲೆವು ಎಂಬ ಭಯ ಶತ್ರುವಿಗೆ ಉಳಿದಿರುವಾಗಲೇ ಮಾತಾಡಬೇಕು ಎಂಬುದು ಅವರ ಲೆಕ್ಕ. ದೇಶದ ಹತ್ತನೇ ಒಂದು ಭಾಗದಷ್ಟು ನೆಲ ಹೋಯಿತು, ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಬಂದರು. ಸ್ವಾತಂತ್ರ್ಯ ಉಳಿಯಿತು.

ಸ್ವಾತಂತ್ರ್ಯಕ್ಕಾಗಿ ಫ್ರಾನ್ಸ್ ವಿರುದ್ಧ ಎದ್ದ ಅಲ್ಜೀರಿಯಾದ ಕಥೆ ಇದಕ್ಕೆ ತದ್ವಿರುದ್ಧ. ನಾಲ್ಕು ಲಕ್ಷ ದಾಟಿದ ಫ್ರೆಂಚ್ ಸೇನೆ, ಟುನೀಶಿಯಾ ಗಡಿಗೆ 5 ಸಾವಿರ ವೋಲ್ಟಿನ ವಿದ್ಯುತ್ ಬೇಲಿ, 1959ರ ಹೊತ್ತಿಗೆ ಒಳಗಿನ ಗೆರಿಲ್ಲಾ ಗುಂಪುಗಳು ಚಿಂದಿ. ಗೆಲುವು ಕೈಯಲ್ಲಿತ್ತು. ಅದನ್ನು ಹಿಡಿದುಕೊಂಡು ಮಾಡುವುದೇನು ಎಂದು ಕೇಳಿದವರು ಫ್ರೆಂಚ್ ಅಧ್ಯಕ್ಷ ದ ಗಾಲ್. ಅಲ್ಜೀರಿಯಾದ ಭವಿಷ್ಯವನ್ನು ಅಲ್ಲಿನ ಜನರೇ ನಿರ್ಧರಿಸಲಿ ಎಂಬುದಕ್ಕೆ 1961ರ ಜನವರಿಯ ಜನಮತದಲ್ಲಿ ಶೇ 75ರಷ್ಟು ಒಪ್ಪಿಗೆ ಪಡೆದರು, ಏಪ್ರಿಲ್‌ನಲ್ಲಿ ತಮ್ಮದೇ ಜನರಲ್‌ಗಳ ದಂಗೆಯನ್ನು ಎದುರಿಸಿದರು. ಯುದ್ಧ ನಿಲ್ಲಿಸುವುದಕ್ಕೂ ಇಚ್ಛಾಶಕ್ತಿ ಬೇಕು.

ಮುಕ್ತ ಹಸ್ತ ಎಂಬ ಮಾತಿಗೆ ಮರಳುವುದಾದರೆ, ಅದರ ನಿಜವಾದ ಅರ್ಥ ಹೆಚ್ಚಿನ ಸಲ "ನಮ್ಮನ್ನು ಕೇಳಬೇಡಿ" ಎಂದು. 1987ರ ಜುಲೈ 29ರ ಒಪ್ಪಂದದ ಮೇಲೆ ಶ್ರೀಲಂಕಾಕ್ಕೆ ಹೋದ ಭಾರತೀಯ ಪಡೆ ತಮಿಳು ಬಂಡುಕೋರರ ಶಸ್ತ್ರಗಳನ್ನು ಒಪ್ಪಿಸಿಕೊಳ್ಳುವ ಶಾಂತಿಪಾಲನೆಗೆಂದು ಹೋಗಿತ್ತು. ಅಕ್ಟೋಬರ್‌ನಲ್ಲಿ ಅದೇ ಪಡೆ ಜಾಫ್ನಾದ ಬೀದಿಗಳಲ್ಲಿ ಯುದ್ಧ ಮಾಡುತ್ತಿತ್ತು. ಕೆಲಸ ಬದಲಾಗಿತ್ತು, ಕೆಲಸದ ಹೆಸರು ಬದಲಾಗಿರಲಿಲ್ಲ. ಆಮೇಲೆ ಕೊಲಂಬೊದಲ್ಲಿ ಸರ್ಕಾರ ಬದಲಾಗಿ ಹೊರಡಿ ಎಂದಿತು, ದೆಹಲಿಯಲ್ಲಿ ಸರ್ಕಾರ ಬದಲಾಗಿ ಬನ್ನಿ ಎಂದಿತು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಬಂದಾಗ ಸತ್ತವರು ಸುಮಾರು 1,200. ಎಲ್ಲಿಗೆ ಮುಟ್ಟಿದರೆ ಮುಗಿಯಿತು ಎಂದು ಆ ಸೈನಿಕರಿಗೆ ಕೊನೆಯವರೆಗೂ ಯಾರೂ ಹೇಳಲಿಲ್ಲ.

ಸಭೆಯಿಂದ ಬಂದ ಎರಡು ಪ್ರಶ್ನೆ

ಕ್ಷಿಪಣಿ, ಡ್ರೋನ್ ಬಂದ ಮೇಲೆ ಸೈನಿಕರ ಸಾವು ಕಡಿಮೆ, ಹಾಗಾದರೆ ಇಚ್ಛಾಶಕ್ತಿಯ ಅಗತ್ಯವೂ ಕಡಿಮೆಯಾಗುವುದಿಲ್ಲವೇ?

ಶುರು ಮಾಡುವುದು ಸುಲಭವಾಗುತ್ತದೆ, ಮುಗಿಸುವುದಲ್ಲ. 1999ರಲ್ಲಿ ಕೊಸೊವೊ ವಿಷಯದಲ್ಲಿ ನೇಟೊ ವಿಮಾನಗಳು ಹೆಚ್ಚಾಗಿ 15 ಸಾವಿರ ಅಡಿಯ ಮೇಲೆಯೇ ಉಳಿದವು, ಭೂಸೇನೆ ಕಳಿಸುವ ಉದ್ದೇಶವಿಲ್ಲ ಎಂದು ಕ್ಲಿಂಟನ್ ಮೊದಲ ದಿನವೇ ಹೇಳಿದರು. ಕೆಲವೇ ದಿನಕ್ಕೆ ಸಾಲುವಷ್ಟು ಗುರಿಗಳ ಪಟ್ಟಿ ಇತ್ತು. ನಡೆದದ್ದು 78 ದಿನ. ಭೂಸೇನೆ ಬರುವುದಿಲ್ಲ ಎಂದು ಖಾತ್ರಿಯಾದ ಎದುರಾಳಿ, ಯುಗೊಸ್ಲಾವಿಯಾದ ಅಧ್ಯಕ್ಷ ಮಿಲೊಸೆವಿಚ್, ಟ್ಯಾಂಕುಗಳನ್ನು ಚದುರಿಸಿ ಬಚ್ಚಿಟ್ಟು, ನಾಗರಿಕರನ್ನು ಓಡಿಸುವ ಕೆಲಸ ಮುಂದುವರಿಸಿದ. ಭೂದಾಳಿಯ ಮಾತು ಮತ್ತೆ ಎದ್ದದ್ದೂ, ರಷ್ಯಾ ಅವನ ಬೆನ್ನು ಬಿಟ್ಟದ್ದೂ ಅವನು ಒಪ್ಪಲು ಬಾಂಬಿನಷ್ಟೇ ಕಾರಣ.

ಪ್ರಜಾಪ್ರಭುತ್ವಕ್ಕೆ ದೀರ್ಘ ಯುದ್ಧದ ತಾಳ್ಮೆ ಇಲ್ಲ, ಸರ್ವಾಧಿಕಾರಿಗಳಿಗೆ ಇದೆ ಎನ್ನುತ್ತಾರಲ್ಲ?

ಸೋವಿಯತ್ ಒಕ್ಕೂಟದಲ್ಲಿ ಚುನಾವಣೆಯ ಭಯವೂ ಇರಲಿಲ್ಲ, ಸ್ವತಂತ್ರ ಪತ್ರಿಕೆಯೂ ಇರಲಿಲ್ಲ. ಆದರೂ ಅಫ್ಘಾನಿಸ್ತಾನದಲ್ಲಿ ಸುಮಾರು 15 ಸಾವಿರ ಸೈನಿಕರನ್ನು ಕಳೆದುಕೊಂಡು 1989ರ ಫೆಬ್ರವರಿ 15ಕ್ಕೆ ಹೊರಬಂತು. ಹೊರಬಂದ ಬಗೆ ಮಾತ್ರ ಗಮನಿಸುವಂಥದ್ದು. ಸೈನ್ಯ ಹೋದರೂ ಇಂಧನ, ಗೋಧಿ, ಹಣ, ಮದ್ದುಗುಂಡು ಬರುತ್ತಲೇ ಇತ್ತು. ಕಾಬೂಲಿನಲ್ಲಿ ಸೋವಿಯತ್ ಬೆಂಬಲದ ನಜೀಬುಲ್ಲಾ ಸರ್ಕಾರ ಅದೇ ವರ್ಷ ಜಲಾಲಾಬಾದಿನ ಮುತ್ತಿಗೆಯನ್ನು ಎದುರಿಸಿ ನಿಂತಿತು, ಮೂರು ವರ್ಷ ಬಾಳಿತು. ಒಕ್ಕೂಟವೇ ಒಡೆದು 1992ರ ಆರಂಭದಲ್ಲಿ ನೆರವು ನಿಂತಿತು, ಏಪ್ರಿಲ್‌ಗೆ ಸರ್ಕಾರ ಬಿತ್ತು. 2020ರ ಫೆಬ್ರವರಿ 29ರ ದೋಹಾ ಒಪ್ಪಂದದಲ್ಲಿ ಅಮೆರಿಕ ಸೈನಿಕರ ಜತೆಗೆ ಗುತ್ತಿಗೆದಾರರನ್ನೂ ವಾಪಸು ಕರೆಸಲು ಒಪ್ಪಿತ್ತು. ಅಫ್ಘನ್ ವಾಯುಪಡೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳ ರಿಪೇರಿ, ಬಿಡಿಭಾಗಗಳ ದಾಸ್ತಾನು, ಎಂಜಿನ್ ತಪಾಸಣೆ ನೋಡಿಕೊಳ್ಳುತ್ತಿದ್ದವರು ಆ ಗುತ್ತಿಗೆದಾರರೇ. ಅವರು ಹೋದ ಮೇಲೆ ಹಾರಬಲ್ಲ ಹೆಲಿಕಾಪ್ಟರ್‌ಗಳು ದಿನೇ ದಿನೇ ಕಡಿಮೆಯಾದವು. ಹೆಲಿಕಾಪ್ಟರ್ ಇಲ್ಲದೆ ದೂರದ ಠಾಣೆಗಳಿಗೆ ಗುಂಡು, ಊಟ, ನೀರು ಮುಟ್ಟಲಿಲ್ಲ, ಗಾಯಾಳುಗಳು ಹೊರಬರಲಿಲ್ಲ. ಠಾಣೆಗಳು ಒಂದೊಂದಾಗಿ ಶರಣಾದವು. 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲಿಗೆ ಬಂದಾಗ ಅಫ್ಘನ್ ಸೈನಿಕರಿಗೆ ಹೋರಾಡುವ ಇಚ್ಛಾಶಕ್ತಿಯೇ ಇರಲಿಲ್ಲ ಎಂದು ವಾಷಿಂಗ್ಟನ್ನಿನಲ್ಲಿ ಹೇಳಿದರು.